ಸುಲಿತದವರಿಗೆ ಹೇಳದೇ ಉಳಿದ ಮಾತು

ತೀರ್ಥಹಳ್ಳಿ ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಎಂಟು ವರ್ಷದಿಂದ ಅದೇ ಆರು ಹೆಂಗಸರು ಸುಲಿಯಲು ಬರುತ್ತಿದ್ದರು. ಸುಲಿದ ಅಡಿಕೆಯ ಡಬ್ಬಕ್ಕೆ ಇಷ್ಟು ಅಂತ ಕೂಲಿ, ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ರಾತ್ರಿ ಜೀಪಿನಲ್ಲಿ ಮನೆಗೆ ಬಿಡುವುದು, ಜೂನ್‌ನಲ್ಲಿ ಮಕ್ಕಳ ಶಾಲೆ ಖರ್ಚಿಗೆ ಮುಂಗಡ ಕೊಡುವುದು, ಬೇರೆಯವರು ಜಾಸ್ತಿ ಕೊಡ್ತೀವಿ ಅಂದರೂ ಅವರು ನಮ್ಮ ಸುಲಿತ ಮುಗಿಸಿಯೇ ಹೋಗುವುದು, ಇದೆಲ್ಲ ಎಲ್ಲೂ ಬರೆದಿರಲಿಲ್ಲ.

ಮೂರು ವರ್ಷದ ಹಿಂದೆ ಸುಲಿಯುವ ಮಿಷನ್ ತಂದೆ. ಅವರಿಗೆ ಹೇಳಿದ್ದು ಮರದಿಂದ ಮೊದಲ ಅಡಿಕೆ ಗೊನೆ ಇಳಿಸಿದ ದಿನ. ಯಾರೂ ಜಗಳ ಆಡಲಿಲ್ಲ. ಕಾಫಿ ಕುಡಿದು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಚೀಲಕ್ಕೆ ಹಾಕಿಕೊಂಡು ಹೋದರು.

ಮುಂದಿನ ಮಳೆಗಾಲ, ಅಡಿಕೆಗೆ ಕೊಳೆ ರೋಗ ಬರದಂತೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು. ಮಳೆ ಸ್ವಲ್ಪ ಬಿಟ್ಟು ಹೊಳವಾಗಿತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲೆಸಿ ಕಾದೆ. ಕಲೆಸಿದ ದಿನವೇ ಹೊಡೆಯಬೇಕು ಅಲ್ವಾ? ಪ್ರತಿ ವರ್ಷ ಮೊದಲು ನಮ್ಮ ತೋಟಕ್ಕೇ ಬರುತ್ತಿದ್ದ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬರಲೇ ಇಲ್ಲ. ನಾಲ್ಕನೇ ದಿನ ಬಂದ, ಅಷ್ಟರಲ್ಲಿ ಮಳೆ ಹಿಡಿದಿತ್ತು. ಕೆಳಗಿನ ಪಾಲಿಗೆಲ್ಲ ಕೊಳೆ ಬಿತ್ತು. ಅವನ ಹೆಂಡತಿ ಆ ಆರು ಜನರಲ್ಲಿ ಒಬ್ಬರು.

ಅವರ ಮನೆಗೇ ಹೋದೆ. 'ಮಿಷನ್ ತಂದಿದ್ದಕ್ಕೆ ಬೇಜಾರಿಲ್ಲ ಅಣ್ಣ. ಜೂನ್‌ನಲ್ಲಿ ಮುಂಗಡ ಕೊಟ್ರಿ, ಅದಕ್ಕೇ ಬೇರೆ ಕಡೆ ಒಪ್ಪಿಕೊಳ್ಳಲಿಲ್ಲ' ಅಂದರು.

ಕೆಲಸ ಕೊಡುವವರು, ಮಾಡುವವರು ಬಾಯಿಬಿಟ್ಟು ಹೇಳದೇ ಒಬ್ಬರ ಮೇಲೊಬ್ಬರು ಇಟ್ಟುಕೊಂಡ ನಿರೀಕ್ಷೆಗೆ 'ಮಾನಸಿಕ ಒಪ್ಪಂದ' ಅಂತಾರೆ. ಓದುವಾಗ ಇದನ್ನು ಬಾಯಿಪಾಠ ಮಾಡಿದ್ದೆ. ಆಡಳಿತ ವಿಷಯದ ಅಮೆರಿಕದ ವಿದ್ವಾಂಸ ಕ್ರಿಸ್ ಆರ್ಗಿರಿಸ್ 1960ರಲ್ಲೇ ಕಾರ್ಖಾನೆಯ ಫೋರ್‌ಮನ್‌ಗಳನ್ನೂ ಕೆಲಸಗಾರರನ್ನೂ ನೋಡಿ ಇದರ ಬಗ್ಗೆ ಬರೆದಿದ್ದರು. ಇದು ಇರುವುದು ಒಬ್ಬೊಬ್ಬರ ನಂಬಿಕೆಯೊಳಗೆ ಅಂತ ಅದೇ ವಿಷಯದ ವಿದ್ವಾಂಸೆ ಡೆನಿಸ್ ರೂಸೋ 1989ರಲ್ಲಿ ಹೇಳಿದರು. ಅದು ನನಗೆ ಅರ್ಥವಾಗಿದ್ದು ಆ ಜಗಲಿಯ ಮೇಲೆ. ಮುಂಗಡವನ್ನು ನಾನು ಉಪಕಾರ ಅಂದುಕೊಂಡಿದ್ದೆ, ಅವರಿಗೆ ಅದು 'ಈ ಸಲವೂ ನಿಮ್ಮನ್ನೇ ಕರೀತೀನಿ' ಅನ್ನುವ ಮಾತಾಗಿತ್ತು.

ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದು ಸಹಿ ಕೇಳಿದೆ. ಅದು ತಪ್ಪಾಯಿತು, ಕಾಗದ ನೋಡಿ ಹೆದರಿದರು. ಈಗ ನವರಾತ್ರಿಗೆ ಮುಂಚೆ ಸುಮ್ನೆ ಒಟ್ಟಿಗೆ ಕೂತು ಮಾತಾಡುತ್ತೇವೆ. 'ನನ್ನಿಂದ ಏನು ಆಗುತ್ತೆ ಅಂದುಕೊಂಡಿದ್ದೀರಿ?' ಅಂತ ಕೇಳುತ್ತೇನೆ. ನನಗೆ ಬೇಕಾದ್ದನ್ನೂ ಬಾಯಿಬಿಟ್ಟು ಹೇಳುತ್ತೇನೆ: ಹೊಳವಾದ ದಿನ ಔಷಧಿಗೆ ಮೊದಲು ನಮ್ಮ ತೋಟ. ಮಿಷನ್‌ನಲ್ಲಿ ಸರಿಯಾಗಿ ಸುಲಿಯದ ಅಡಿಕೆ ಆರಿಸಿ ಸುಲಿಯುವ ಕೆಲಸ ಅವರಿಗೇ ಅಂತ ಆಗಿದ್ದು ಹಾಗೆ ಕೂತಾಗಲೇ. ಮುಂಗಡ ಕೊಡುವಾಗ ಅದು ಯಾವುದಕ್ಕೆ ಅಂತ ಇಬ್ಬರೂ ಹೇಳಿಕೊಳ್ಳುತ್ತೇವೆ.

ಆರರಲ್ಲಿ ನಾಲ್ಕು ಜನ ವಾಪಸ್ ಬಂದಿದ್ದಾರೆ. ಇನ್ನಿಬ್ಬರು ಪಕ್ಕದೂರಿನ ತೋಟಕ್ಕೆ ಹೋಗುತ್ತಾರೆ.