ಬಾಣಂತಿಯ ಮನಸ್ಸಿಗೂ ಒಂದು ಕ್ಯಾಲೆಂಡರ್

ಕೊಡಗಿನಲ್ಲಿ ಮಳೆ ಹಿಡಿಯುವ ಮೊದಲೇ ಸೌದೆ ಒಟ್ಟುತ್ತೇವೆ, ಒಣಮೀನು ತಂದಿಡುತ್ತೇವೆ. ಹೆರಿಗೆ ಜುಲೈಗೆ ಬರುತ್ತದೆ ಅಂದರೆ ಜೀಪು ಯಾರದ್ದು ಅಂತಲೂ ಮಾತಾಗಿರುತ್ತದೆ. ಮನಸ್ಸಿಗೆ ಮಾತ್ರ ಯಾವ ತಯಾರಿಯೂ ಇಲ್ಲ. ಅದನ್ನೂ ಏಳನೇ ತಿಂಗಳಲ್ಲೇ ಶುರು ಮಾಡಿ.

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಹಳೆಯದನ್ನು ಮುಚ್ಚಿಡಬೇಡಿ. ಹಿಂದೆ ಖಿನ್ನತೆ ಇತ್ತಾ, ಮೊದಲ ಬಾಣಂತನದಲ್ಲಿ ತೊಂದರೆ ಆಗಿತ್ತಾ, ಹೇಳಿಬಿಡಿ. ಮಾತ್ರೆ ನಡೆಯುತ್ತಿದ್ದರೆ ಬಸುರಿ ಅಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಗಂಡ ಹೆಂಡತಿ ಇಬ್ಬರ ಫೋನಿಗೂ ಹಾಕಿಕೊಳ್ಳಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತೋಟದ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ.

ಹೆರಿಗೆ ಆದ ದಿನವನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಹದಿನಾಲ್ಕನೇ ದಿನಕ್ಕೆ ಇನ್ನೊಂದು ಗುರುತು. ಎರಡು ಮೂರನೇ ದಿನದಿಂದ ಸುಮ್ಮಸುಮ್ಮನೆ ಅಳು, ಸಿಡುಕು ಬಹಳ ಬಾಣಂತಿಯರಿಗೆ ಬರುತ್ತದೆ. ಹಾರ್ಮೋನು ಒಮ್ಮೆಲೇ ಇಳಿಯುವುದೂ ಇದಕ್ಕೊಂದು ಕಾರಣ. ನಿದ್ದೆ, ಊಟ, ಜೊತೆಗೊಬ್ಬರು ಇದ್ದರೆ ತಾನೇ ಹೋಗುತ್ತದೆ. ಎರಡನೇ ಗುರುತು ದಾಟಿಯೂ ಉಳಿದರೆ ಅದು ಬಾಣಂತಿ ಖಿನ್ನತೆ ಎಂಬ ಬೇರೆ ಕಾಯಿಲೆ ಇರಬಹುದು, ಚಿಕಿತ್ಸೆ ಬೇಕು. ತಿಂಗಳುಗಳ ನಂತರವೂ ಶುರುವಾಗಬಹುದು.

ಕೇಳುವುದು ಹೇಗೆ? 'ಚೆನ್ನಾಗಿದ್ದೀಯಾ' ಅಂದರೆ 'ಹ್ಞೂಂ' ಅಂತಾಳೆ, ಮುಗೀತು. ಮಗು ನೋಡಲು ಬಂದವರಿಗೆ ಜಗಲಿಯಲ್ಲೇ ಕಾಫಿ ಕೊಟ್ಟು ಕೂರಿಸಿ. ಒಳಗೆ ಒಬ್ಬರೇ ಹೋಗಿ, 'ಮಗು ಮಲಗಿದಾಗ ನಿನಗೆ ನಿದ್ದೆ ಬಂತಾ?' ಎಂದು ಕೇಳಿ. ಮಗು ಮಲಗಿದ್ದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸೆ ಇಲ್ಲ, 'ನನ್ನ ಕೈಲಿ ಮಗು ಸಾಕೋಕಾಗಲ್ಲ' ಎನ್ನುತ್ತಿದ್ದಾಳಾ? 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ' ಎಂಬ ಮಾತು ಮಾತ್ರ ಬೇಡ. ಇತ್ತು, ಹೇಳಿಕೊಳ್ಳುವವರಿರಲಿಲ್ಲ ಅಷ್ಟೇ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಮಗುವಿನ ತೂಕ ನೋಡಿದ ಮೇಲೆ ತಾಯಿಯನ್ನೂ ಮಾತಾಡಿಸಲು ಹೇಳಿ.

ಇಂಥ ಲಕ್ಷಣ ಕಂಡರೆ ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗಳಲ್ಲೋ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಕೂಡ ಹೀಗೇ ಕಾಡುತ್ತವೆ, ಆ ಪರೀಕ್ಷೆಯನ್ನೂ ಕೇಳಿ. ಹಾಲುಣಿಸುತ್ತಲೇ ನುಂಗಬಹುದಾದ ಮಾತ್ರೆಗಳಿವೆ. ಜಾಸ್ತಿಯಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಜೊತೆಗೇ ಇರುವ ವಾರ್ಡ್ ಇದೆ.

ಎರಡು ಸಂದರ್ಭದಲ್ಲಿ ಕ್ಯಾಲೆಂಡರ್ ನೋಡುತ್ತ ಕೂರಬೇಡಿ. ಒಂದು, ಸಾಯುವ ಮಾತು ಬಂದಾಗ. ಇನ್ನೊಂದು, ಹಿರಿಯರು ಬಾಣಂತಿ ಸನ್ನಿ ಅನ್ನುವ ತೀವ್ರ ಮಾನಸಿಕ ಕಾಯಿಲೆ ಕಂಡಾಗ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುತ್ತದೆ. ನಿದ್ದೆಯೇ ಇಲ್ಲ, ಆದರೂ ದಣಿವಿಲ್ಲ. ತಾಳತಪ್ಪಿದ ಮಾತು, ಎಲ್ಲರ ಮೇಲೆ ಅನುಮಾನ, ಯಾರೋ ಕರೆದಂತೆ ಕೇಳುವುದು. ಅವಳನ್ನು, ಮಗುವನ್ನು ಒಂಟಿ ಬಿಡಬೇಡಿ. 108ಕ್ಕೆ ಫೋನ್ ಮಾಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿತ ಆಮೇಲೆ ಕಟ್ಟಿಸಿದರಾಯಿತು.

ಅಪ್ಪನಾದವನಿಗೂ ಖಿನ್ನತೆ ಬರುತ್ತದೆ. ಅವನು ಅಳುವುದು ಕಡಿಮೆ. ಸಿಡುಕುತ್ತಾನೆ, ಕುಡಿತ ಜಾಸ್ತಿ ಮಾಡುತ್ತಾನೆ, ಕಾಫಿ ಕುಯ್ಲಿನ ನೆಪದಲ್ಲಿ ತೋಟದಲ್ಲೇ ಉಳಿದುಬಿಡುತ್ತಾನೆ. ನಿದ್ದೆ ಬಂತಾ ಎಂದು ಅವನನ್ನೂ ಕೇಳಿ. 14416ಕ್ಕೆ ಅವನೂ ಫೋನ್ ಮಾಡಬಹುದು.