ಅಜ್ಜನ ಕೋವಿ ನಿಮ್ಮ ಹೆಗಲಿಗೆ ಹೊಂದಬೇಕಾದರೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇರುತ್ತದೆ. ನೋಡಿದವರು "ಇದನ್ನ ಮುಟ್ಟಬೇಡಿ, ಇದ್ದ ಹಾಗೇ ಇಡಿ" ಅನ್ನುತ್ತಾರೆ. ಗೋಡೆಗೆ ತೂಗುಹಾಕುವವರಿಗೆ ಆ ಮಾತು ಸರಿ. ರಾತ್ರಿ ಹಂದಿ ಬೆದರಿಸಲು ತೋಟಕ್ಕೆ ಒಯ್ಯುವವರಿಗೆ ಕೋವಿ ಮೈಗೆ ಹೊಂದಲೇಬೇಕು. ಹೊಂದದ ಕೋವಿ ಹೆಗಲಿಗೆ ಒದೆಯುತ್ತದೆ.

ಮೊದಲು ಕಾಗದಪತ್ರ. ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಅವರು ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಒಪ್ಪಿಸಿ, ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ. ಬೆಳೆ ಕಾಯುವ ಲೈಸೆನ್ಸ್ ಇದೆ ಎಂದು ಹಂದಿ ಹೊಡೆಯುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಇನ್ನು ಅಳತೆ. ಕೋವಿಯನ್ನು ಕೀಲಿನ ಹತ್ತಿರ ಬಗ್ಗಿಸಿ ತೆರೆದು, ಎರಡೂ ನಳಿಗೆ ಖಾಲಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಟ್ರಿಗರ್‌ನಿಂದ ಹೆಗಲಿಗೆ ಒತ್ತುವ ಮರದ ತುದಿಯವರೆಗೆ ಸಾಮಾನ್ಯವಾಗಿ 14ರಿಂದ 14.5 ಇಂಚು ಇರುತ್ತದೆ. ನನ್ನ ಅಜ್ಜ ಕುಳ್ಳಗಿದ್ದರು, ನಾನು ಎತ್ತರ. ಕೋವಿ ಎತ್ತಿದಾಗಲೆಲ್ಲ ನನ್ನ ಹೆಬ್ಬೆರಳು ಮೂಗಿಗೆ ತಾಗುತ್ತಿತ್ತು. ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮರದ ತುದಿಗೆ ಬಟ್ಟೆಯಿಂದ ಕಟ್ಟಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ ನೋಡಿದೆ. ಮುಕ್ಕಾಲು ಇಂಚಿಗೆ ಸರಿಹೋಯಿತು. ಅಷ್ಟೇ ದಪ್ಪದ ರಬ್ಬರ್ ಪ್ಯಾಡ್ ಹಾಕಿಸಿದೆ. ಉದ್ದ ಸಾಲದಿದ್ದರೆ ಹೀಗೆ ಸೇರಿಸುವುದು ಸುಲಭ. ಜಾಸ್ತಿ ಇದ್ದರೆ ಮರ ಕತ್ತರಿಸಬೇಕು, ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಎರಡು ಸಲ ಅಳೆಯಿರಿ, ಮಳೆಗಾಲದಲ್ಲಿ ಹಾಕುವ ದಪ್ಪ ಸ್ವೆಟರ್ ತೊಟ್ಟೂ ಒಮ್ಮೆ ನೋಡಿ.

ಮರಕ್ಕೆ ಅಗಸೆ ಎಣ್ಣೆಯಷ್ಟು ಒಳ್ಳೆಯದು ಬೇರೆ ಇಲ್ಲ. ಹಳೇ ಕೋವಿಗಳಲ್ಲಿ ಹೆಚ್ಚಾಗಿ ಅಕ್ರೋಟು ಮರ. ಜಿಡ್ಡು ಒರೆಸಿ, ನಾಲ್ಕು ಹನಿ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಕೈ ಬಿಸಿಯಾಗುವವರೆಗೆ ತಿಕ್ಕಿ. ಒಂದು ದಿನ ಬಿಟ್ಟು ಮತ್ತೆ. ಹತ್ತು ಸಲವಾದರೂ ಬೇಕು. ಕೊನೆಕೊನೆಗೆ ಮರದ ಗೆರೆಗಳು ಒಳಗಿನಿಂದ ಕೆಂಪಗೆ ಎದ್ದು ಕಾಣುತ್ತವೆ. ಅಜ್ಜನ ಕೈ ಸವೆಸಿದ ಜಾಗವನ್ನು ನಾನು ಉಜ್ಜಿ ತೆಗೆಯಲಿಲ್ಲ. ಈ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲೇ ಆಗಬೇಕು. ಮಳೆ ಹಿಡಿದ ಮೇಲೆ ಎಣ್ಣೆ ಒಣಗುವುದೇ ಇಲ್ಲ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಹರಡಿ ಒಣಗಿಸಿ.

ಕಬ್ಬಿಣದ ಕೆಲಸಕ್ಕೆ ನೀವು ಕೈ ಹಾಕಬೇಡಿ. ಲೈಸೆನ್ಸ್ ಇಲ್ಲದೆ ಕೋವಿ ರಿಪೇರಿಯ ವ್ಯವಹಾರ ಮಾಡುವುದು, ನಳಿಗೆ ಕತ್ತರಿಸುವುದು, ನಂಬರ್ ಅಳಿಸುವುದು, ಮೂರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಉಪ್ಪುಕಾಗದದಲ್ಲಿ ಜೋರಾಗಿ ತಿಕ್ಕಿದರೆ ನಂಬರ್ ಸವೆದುಹೋಗುತ್ತದೆ, ಹುಷಾರು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಂದು ವಿಷಯ ಕೇಳಲೇಬೇಕು: ತೋಟಾ ಕೂರುವ ಜಾಗದ ಉದ್ದ ಎಷ್ಟು? ಹಳೇ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ) ಕೋವಿಗಳಲ್ಲಿ ಅದು ಎರಡೂವರೆ ಇಂಚು ಇರುವುದುಂಟು. ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಅದರಲ್ಲಿ ಕೂರುವ ಹಾಗೆ ಕಂಡರೂ, ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ ಹಳೇ ಕಾಲದ ನಳಿಗೆ. ಪರೀಕ್ಷೆ ಮಾಡಿಸದೆ ಅದರಲ್ಲಿ ಈಗಿನ ತೋಟಾ ಹಾರಿಸಲೇಬಾರದು.

ಕೊನೆಗೆ ಇಡುವ ಜಾಗ. ಒಂದು ಮಳೆಗಾಲ ನಾನು ಕೋವಿಯನ್ನು ಚರ್ಮದ ಚೀಲದಲ್ಲೇ ಬಿಟ್ಟಿದ್ದೆ. ದೀಪಾವಳಿಗೆ ತೆಗೆದರೆ ನಳಿಗೆ ತುಂಬ ಕೆಂಪು ತುಕ್ಕು. ಚರ್ಮ ತೇವ ಹಿಡಿದಿಡುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಮರ ಒಣಗಿ ಸೀಳುತ್ತದೆ. ಬೀಗ ಇರುವ ಕಬ್ಬಿಣದ ಬೀರುವಿನಲ್ಲಿ, ಚೀಲವಿಲ್ಲದೆ ನಿಲ್ಲಿಸಿ. ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಾಗುತ್ತದೆ, ಹೊಲಿಗೆ ಮಿಷನ್ ಎಣ್ಣೆ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸಿ.