ರೇಡಾರ್ ಬ್ರೇಕ್ ದೀಪ ಆರದಿದ್ದರೆ

ಅರಬೈಲ್ ಘಾಟಿ ಇಳಿಯುವಾಗ ಲಾರಿಯ ರೇಡಾರ್ ಬ್ರೇಕ್‌ನ (ಮುಂದಿನ ಅಡ್ಡಿ ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ) ಎಚ್ಚರಿಕೆ ದೀಪ ಹತ್ತಿತೇ? ಮೊದಲು ದೋಷ ಓದುವ ಸ್ಕ್ಯಾನರ್ ಬೇಡ, ನೀರು, ಮೆತ್ತನೆ ಬಟ್ಟೆ ಸಾಕು. ಮಳೆಗಾಲದ ಕೆಂಪು ರಾಡಿ ಸೆನ್ಸರ್ ಮುಖಕ್ಕೆ ಮೆತ್ತಿದರೆ 77 ಗಿಗಾಹರ್ಟ್ಸ್ ರೇಡಾರ್ ಅಲೆ ಸೊರಗುತ್ತದೆ. ಬಂಪರ್ ಮುಂದಿನ ಹೂವಿನ ಹಾರ, ಹೆಚ್ಚುವರಿ ಗಾರ್ಡ್ ಕೂಡ ಅಡ್ಡಿಯೇ. ಪೂಜೆ ಮುಗಿದ ಮೇಲೆ ಹಾರ ತೆಗೆಯಿರಿ.

ತೊಳೆದರೂ ದೀಪ ಆರದಿದ್ದರೆ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ನೋಡಿ. ಕಾರವಾರದ ಉಪ್ಪುಗಾಳಿಗೆ ಪಿನ್ ಹಸಿರುಗಟ್ಟುತ್ತದೆ. ಬ್ಯಾಟರಿ ಕಳಚಿ, ಕ್ಯಾನ್ (ಲಾರಿಯ ಕಂಪ್ಯೂಟರ್‌ಗಳು ಮಾತಾಡುವ ಜೋಡಿ ತಂತಿ) ಹೈ ಮತ್ತು ಲೋ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ಒಂದು ಟರ್ಮಿನೇಟರ್ (ತಂತಿಯ ತುದಿಯ ರೆಸಿಸ್ಟರ್) ಸಿಗುತ್ತಿಲ್ಲ ಅಥವಾ ತಂತಿ ಕಡಿದಿದೆ. ಸೊನ್ನೆಯ ಹತ್ತಿರವಾದರೆ ಶಾರ್ಟ್.

ಬಂಪರ್ ಎಲ್ಲಾದರೂ ತಾಗಿದ್ದರೆ ಬ್ರಾಕೆಟ್ ನೋಡಿ. ಸೆನ್ಸರ್ 1 ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಗುರಿ ಸುಮಾರು 1.75 ಮೀಟರ್ ತಪ್ಪುತ್ತದೆ. ಸುತ್ತಿಗೆಯಿಂದ ತಟ್ಟಿ ಸರಿಮಾಡಬೇಡಿ. ಬ್ರಾಕೆಟ್ ಬದಲಿಸಿ, ಡಯಾಗ್ನೋಸ್ಟಿಕ್ ಟೂಲ್‌ನಲ್ಲಿ ಅಲೈನ್‌ಮೆಂಟ್ ಮಾಡಿಸಿ.